‘ಹಾಲು ಸಾಲ್ತಿಲ್ಲ’ ಎಂದು ಮೊದಲು ಹೇಳಿದವರು ಯಾರು?

ಪ್ರಶ್ನೆ: ನನಗೆ 28 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆರು ವಾರದ ಹಿಂದೆ ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತು. ಈಗ ತಿಪಟೂರಿನ ಹತ್ತಿರ ತವರಿನಲ್ಲಿ ಬಾಣಂತನ. ಹುಟ್ಟಿದಾಗ ಮಗು 2.9 ಕೆಜಿ ಇತ್ತು, ಈಗ 3.9. ಸಂಜೆಯಾದರೆ ಸಾಕು, ಒಂದೇ ಸಮನೆ ಅಳುತ್ತಾಳೆ. ಹಾಲು ಸಾಲ್ತಿಲ್ಲ ಎಂದು ಅಮ್ಮ, ಅಜ್ಜಿ ಇಬ್ಬರೂ ಹೇಳಿದ್ದಕ್ಕೆ ಎರಡು ವಾರದಿಂದ ದಿನಕ್ಕೆ ಎರಡು ಸಲ 60 ಮಿಲಿ ಡಬ್ಬಿ ಹಾಲು ಕೊಡುತ್ತಿದ್ದೇವೆ. ಅತ್ತೆ ಫೋನಿನಲ್ಲಿ ‘ನಿಮ್ಮನೆ ಕಡೆ ಹೆಣ್ಮಕ್ಕಳಿಗೆ ಹಾಲೇ ಬರಲ್ಲ’ ಎನ್ನುತ್ತಾರೆ. ನಮ್ಮ ತೋಟದ ಕೆಲಸಕ್ಕೆ ಬರುವ ಹುಡುಗಿಗೂ ಚಿಕ್ಕ ಮಗು ಇದೆ, ಅವಳಿಗೆ ಇಂಥ ಯಾವ ತೊಂದರೆಯೂ ಇಲ್ಲ. ಇಷ್ಟು ಓದಿ, ಇಷ್ಟು ಚೆನ್ನಾಗಿ ತಿಂದು, ನನಗೇ ಯಾಕೆ ಹೀಗೆ? ಇದು ವಂಶದಿಂದ ಬರುವುದಾ? ಮಗುವಿಗೆ ಐದು ತಿಂಗಳಾದಾಗ ಕೆಲಸಕ್ಕೆ ಬೇರೆ ಹೋಗಬೇಕು.

ಉತ್ತರ: ಮೊದಲು ತೂಕದ ವಿಷಯ ಮುಗಿಸೋಣ. ಹುಟ್ಟಿದ ಮೊದಲ ಕೆಲವು ದಿನ ಎಲ್ಲ ಮಕ್ಕಳ ತೂಕವೂ ಸ್ವಲ್ಪ ಇಳಿಯುತ್ತದೆ. ಹತ್ತು ಹದಿನಾಲ್ಕು ದಿನಕ್ಕೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಆಮೇಲೆ ದಿನಕ್ಕೆ 20–30 ಗ್ರಾಂ ಏರಿದರೆ ಸಾಕು. ನಿಮ್ಮ ಮಗು ಆರು ವಾರದಲ್ಲಿ ಒಂದು ಕೆಜಿ ಏರಿದೆ. ಕೊನೆಯ ಎರಡು ವಾರ ಡಬ್ಬಿ ಹಾಲೂ ಸೇರಿದೆ, ನಿಜ. ಆದರೆ ದಿನಕ್ಕೆ 120 ಮಿಲಿ ಅಂದರೆ ಈ ವಯಸ್ಸಿನ ಮಗು ಕುಡಿಯುವುದರಲ್ಲಿ ಸಣ್ಣ ಪಾಲು. ಮಿಕ್ಕ ಅಷ್ಟೂ ನಿಮ್ಮ ಹಾಲು. ‘ಹಾಲೇ ಬರಲ್ಲ’ ಎನ್ನುವ ತಾಯಿಯ ಮಗು ಹೀಗೆ ಬೆಳೆಯುವುದಿಲ್ಲ.

ವಂಶದಿಂದ ಬರುವುದಾ ಎಂದು ಕೇಳಿದ್ದೀರಿ. ಹಾಲು ನಿಜವಾಗಿಯೂ ಕಡಿಮೆ ಇರುವ ತಾಯಂದಿರು ಇದ್ದಾರೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಎದೆಗೆ ಹಿಂದೆ ಆದ ಶಸ್ತ್ರಚಿಕಿತ್ಸೆ, ಗರ್ಭಕೋಶದಲ್ಲಿ ಮಾಸು ಉಳಿದಿರುವುದು, ಹಾಲಿನ ಗ್ರಂಥಿಗಳೇ ಸರಿಯಾಗಿ ಬೆಳೆಯದಿರುವುದು, ಇಂಥ ಕಾರಣಗಳಿಂದ ಹಾಗಾಗುತ್ತದೆ. ಅವರ ಸಂಖ್ಯೆ ಕಡಿಮೆ. ಅತ್ತೆ ಹೇಳುವ ಹಾಗೆ ‘ಮನೆ ಕಡೆಯವರಿಗೆಲ್ಲ ಹಾಲಿಲ್ಲ’ ಎನ್ನುವ ಕಾಯಿಲೆ ನಾನು ಕಂಡಿಲ್ಲ. ಒಂದು ಮನೆಯಲ್ಲಿ ಅಮ್ಮನಿಗೆ, ದೊಡ್ಡಮ್ಮನಿಗೆ, ಮಗಳಿಗೆ ಎಲ್ಲರಿಗೂ ಹಾಲು ಸಾಲಲಿಲ್ಲ ಅಂದರೆ, ಆ ಮನೆಯಲ್ಲಿ ಮಗು ಅತ್ತಾಗ ಏನು ಮಾಡುತ್ತಾರೆ ಎಂದು ನಾನು ಮೊದಲು ಕೇಳುತ್ತೇನೆ. ತಾಯಿಯಿಂದ ಮಗಳಿಗೆ ಬಂದಿರುವುದು ಹೆಚ್ಚಾಗಿ ಆ ಅಭ್ಯಾಸ.

ನಿಮ್ಮ ಮನೆಯ ಸಂಜೆ ಹೇಗಿರುತ್ತದೆ ಎಂದು ಊಹಿಸಿ ಹೇಳಲಾ? ಆರು, ಆರೂವರೆ. ದೀಪ ಹಚ್ಚುವ ಹೊತ್ತು. ಮಗು ಶುರು ಮಾಡುತ್ತದೆ. ನೀವು ಹಾಲು ಕೊಡುತ್ತೀರಿ, ಐದು ನಿಮಿಷ ಕುಡಿದು ಬಿಡುತ್ತದೆ, ಮತ್ತೆ ಅಳುತ್ತದೆ. ಮತ್ತೆ ಎದೆಗೆ ಹಾಕುತ್ತೀರಿ. ಅಜ್ಜಿ ಬಂದು ಎದೆ ಮುಟ್ಟಿ ನೋಡಿ, ‘ಮೆತ್ತಗಿದೆ, ಏನೂ ಇಲ್ಲ’ ಅನ್ನುತ್ತಾರೆ. ಅಮ್ಮ ದೃಷ್ಟಿ ತೆಗೆಯುತ್ತಾರೆ. ಪಕ್ಕದ ಮನೆಯವರು ‘ಹೊಟ್ಟೆ ತುಂಬಿಲ್ಲ ಕಣೇ’ ಅನ್ನುತ್ತಾರೆ. ಕೊನೆಗೆ ಬಾಟಲಿ ಬರುತ್ತದೆ. ಮಗು ಗಟಗಟ ಕುಡಿದು ಮೂರು ಗಂಟೆ ಮಲಗುತ್ತದೆ. ‘ನೋಡು, ಹಸಿವೇ ಆಗಿತ್ತು’ ಎಂದು ಎಲ್ಲರೂ ಹೇಳುತ್ತಾರೆ, ನೀವೂ ನಂಬುತ್ತೀರಿ.

ಆರು ವಾರದ ಮಗು ಸಂಜೆ ಹೊತ್ತು ಅಳುವುದು ಸಹಜ. ಈ ಅಳು ಸಾಮಾನ್ಯವಾಗಿ ತುಂಬಾ ಜಾಸ್ತಿ ಇರುವುದೇ ಸುಮಾರು ಆರನೇ ವಾರದಲ್ಲಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಬಾಟಲಿ ಹಾಲು ಕುಡಿಯುವ ಮಕ್ಕಳೂ ಹಾಗೇ ಅಳುತ್ತವೆ. ಈ ಹೊತ್ತಿನಲ್ಲಿ ಮಗು ಪದೇ ಪದೇ ಎದೆಗೆ ಬಂದು ಸ್ವಲ್ಪ ಸ್ವಲ್ಪ ಕುಡಿಯುವುದು ನಾಳೆಯ ಹಾಲಿಗೆ ಇಂದೇ ಬೇಡಿಕೆ ಇಟ್ಟ ಹಾಗೆ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ತಯಾರಾಗುತ್ತದೆ. ಬಾಟಲಿ ಬಂದ ಮೂರು ಗಂಟೆ ನಿಮ್ಮ ಎದೆ ಖಾಲಿಯಾಗಲಿಲ್ಲ. ದೇಹ ‘ಇಷ್ಟು ಬೇಡವಂತೆ’ ಎಂದುಕೊಳ್ಳುತ್ತದೆ. ಮರುದಿನ ಸಂಜೆ ಹಾಲು ನಿಜವಾಗಿಯೂ ಸ್ವಲ್ಪ ಕಡಿಮೆ. ಅಳು ಇನ್ನೂ ಸ್ವಲ್ಪ ಜಾಸ್ತಿ. ಬಾಟಲಿ ಎರಡಾಗುತ್ತದೆ. ಮೂರು ತಿಂಗಳಿಗೆ ಹಾಲು ಬತ್ತುತ್ತದೆ, ಅಜ್ಜಿ ಹೇಳಿದ್ದು ನಿಜವಾಗುತ್ತದೆ. ಎಷ್ಟೋ ಮನೆಗಳಲ್ಲಿ ‘ಹಾಲು ಸಾಲ್ತಿಲ್ಲ’ ಎಂಬ ಮಾತೇ ಹಾಲನ್ನು ಕಡಿಮೆ ಮಾಡುತ್ತದೆ. ಎದೆ ಮೆತ್ತಗಿರುವುದೂ ಆರನೇ ವಾರಕ್ಕೆ ಸರಿಯಾದದ್ದೇ. ಮೊದಲ ದಿನಗಳ ಆ ಬಿಗುವು ಹೋಗಿ, ಮಗು ಕುಡಿಯುವಷ್ಟು ತಯಾರಾಗುವ ಹದಕ್ಕೆ ದೇಹ ಬಂದಿರುತ್ತದೆ.

ಇದಕ್ಕೆ ನಿಮ್ಮ ಅಮ್ಮನನ್ನು ದೂರಬೇಡಿ. ಅವರ ಚಿಕ್ಕಂದಿನಲ್ಲಿ, ಗುಂಡಗಿದ್ದ ಮಗುವನ್ನು ಡಬ್ಬಿ ಹಾಲಿನ ಹೆಸರಿನಲ್ಲೇ ‘ಗ್ಲಾಕ್ಸೊ ಬೇಬಿ’ ಎಂದು ಹೊಗಳುತ್ತಿದ್ದರು. ಡಬ್ಬಿ ಹಾಲು ಅಂದರೆ ಅನುಕೂಲಸ್ಥರ ಮನೆಯ ಲಕ್ಷಣ ಎಂದೇ ಎಷ್ಟೋ ಜನ ಭಾವಿಸಿದ್ದರು. ಅದರ ಜಾಹೀರಾತನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ ಬಂದದ್ದೇ 1992ರಲ್ಲಿ, 2003ರಲ್ಲಿ ಅದು ಇನ್ನೂ ಬಿಗಿಯಾಯಿತು. ಈಗ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಂದಿರಿಗೆ ಉಚಿತ ಸ್ಯಾಂಪಲ್ ಕೊಡುವಂತಿಲ್ಲ, ಆಸ್ಪತ್ರೆಯಲ್ಲಿ ಪ್ರಚಾರ ಮಾಡುವಂತಿಲ್ಲ. ಆದರೆ ಒಮ್ಮೆ ಮನಸ್ಸಿನಲ್ಲಿ ಕೂತದ್ದನ್ನು ಕಾನೂನು ಎಲ್ಲಿ ತೆಗೆಯುತ್ತದೆ?

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಓದಿದವಳಿಗೆ, ಉಂಡು ಉಟ್ಟು ಚೆನ್ನಾಗಿರುವವಳಿಗೆ ಕಷ್ಟ, ತೋಟದ ಕೆಲಸದವಳಿಗೆ ಸಲೀಸು, ಇದು ಹೇಗೆ? ನೀವು ಕಂಡದ್ದು ನಿಮ್ಮ ತೋಟಕ್ಕೆ ಮಾತ್ರ ಸೇರಿದ್ದಲ್ಲ. 2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಹಲವು ದೇಶಗಳ ಲೆಕ್ಕ ಸೇರಿಸಿ ಇದನ್ನೇ ಹೇಳಿತು. ಆರೋಗ್ಯದ ಒಳ್ಳೆಯ ಅಭ್ಯಾಸಗಳೆಲ್ಲ ಸಾಮಾನ್ಯವಾಗಿ ಉಳ್ಳವರಲ್ಲಿ ಜಾಸ್ತಿ. ಎದೆಹಾಲಿನ ವಿಷಯದಲ್ಲಿ ಮಾತ್ರ, ನಮ್ಮಂಥ ದೇಶಗಳಲ್ಲಿ, ಬಡ ತಾಯಂದಿರೇ ಹೆಚ್ಚು ಕಾಲ ಕುಡಿಸುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಹೆಚ್ಚು ಓದಿದವರು, ಹೆಚ್ಚು ಸಂಬಳದವರು ಜಾಸ್ತಿ ಕುಡಿಸುತ್ತಾರೆ. ದೇಹ ಎಲ್ಲ ಕಡೆ ಒಂದೇ ಅಲ್ವಾ? ಬೇರೆ ಇರುವುದು ಮನೆ, ಕೈಯಲ್ಲಿರುವ ದುಡ್ಡು, ಕೆಲಸದ ರೀತಿ, ಅಕ್ಕಪಕ್ಕದವರ ಮಾತು.

ಆ ಹುಡುಗಿಯ ದಿನವನ್ನು ಒಮ್ಮೆ ನೋಡಿ. ಮಗು ರಾತ್ರಿಯೆಲ್ಲ ಅವಳ ಮಗ್ಗುಲಲ್ಲೇ. ಹಗಲು ಮರದ ನೆರಳಲ್ಲಿ ಸೀರೆಯ ಜೋಲಿ. ಮಗು ಕೊಸರಾಡಿದರೆ ಸಾಕು, ಗಡಿಯಾರ ನೋಡದೆ ಎದೆಗೆ ಹಾಕುತ್ತಾಳೆ. ಅವಳ ಅಮ್ಮ, ಅತ್ತೆ, ಅಕ್ಕ ಎಲ್ಲರೂ ಹಾಗೇ ಕುಡಿಸಿದ್ದನ್ನು ಅವಳು ನೋಡಿ ಬೆಳೆದಿರುತ್ತಾಳೆ. ಡಬ್ಬಿಗೆ ದುಡ್ಡಿಲ್ಲ, ಹಾಗಾಗಿ ಬಾಟಲಿಯ ಯೋಚನೆಯೇ ಬರುವುದಿಲ್ಲ. ಅವಳು ಅತ್ತದ್ದೂ ನಿಮಗೆ ಗೊತ್ತಿಲ್ಲದಿರಬಹುದು, ತೊಟ್ಟು ಬಿರಿದು ನೋವು ತಿಂದಿದ್ದರೂ ಯಾರೂ ಕೇಳಿರಲಿಕ್ಕಿಲ್ಲ. ಅವಳ ಬದುಕನ್ನು ಸುಮ್ನೆ ಚೆಂದವಾಗಿ ಕಾಣುವುದು ಬೇಡ. ಕೂಲಿ ಬಿಟ್ಟರೆ ಊಟವಿಲ್ಲ ಎಂದು ಬೇಗ ಕೆಲಸಕ್ಕೆ ಬಂದಿರುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು. ಅವಳ ದೇಹ ತನ್ನದನ್ನು ಕರಗಿಸಿಯಾದರೂ ಮಗುವಿಗೆ ಹಾಲು ಕೊಡುತ್ತದೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ನಮ್ಮ ರಾಜ್ಯದಲ್ಲಿದೆ. ಅವಳಿಗೆ ಆ ಊಟ ಸಿಗುತ್ತಿದೆಯಾ, ಅದಕ್ಕೆ ಹೋಗಿ ಬರಲು ನಿಮ್ಮ ತೋಟದ ಕೆಲಸದಲ್ಲಿ ಬಿಡುವಿದೆಯಾ ಎಂದು ದಯವಿಟ್ಟು ವಿಚಾರಿಸಿ.

ಅಜ್ಜಿಯರ ಮೇಲೇ ಎಲ್ಲ ಹೊರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದೇ ಸಮೀಕ್ಷೆಯ ಇನ್ನೆರಡು ಅಂಕಿ ನೋಡಿ. ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿಯುವ ಮಕ್ಕಳು ನೂರಕ್ಕೆ 42 ಕೂಡ ಇಲ್ಲ. ಆ ಮೊದಲ ಗಂಟೆ ಮಗು ಇದ್ದದ್ದು ಅಜ್ಜಿಯ ಕೈಯಲ್ಲಲ್ಲ, ನಮ್ಮ ಆಸ್ಪತ್ರೆಗಳ ಕೈಯಲ್ಲಿ. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆರಿಗೆ ಸಿಸೇರಿಯನ್. ಸಿಸೇರಿಯನ್ ಆದ ತಾಯಿಗೆ ಹಾಲು ಇಳಿಯಲು ಒಂದೆರಡು ದಿನ ತಡವಾಗಬಹುದು. ಮಲಗಿದಲ್ಲೇ ಪಕ್ಕಕ್ಕೆ ತಿರುಗಿಸಿ ಮಗುವನ್ನು ಎದೆಗೆ ಹಚ್ಚಿಕೊಡುವ ಕೈ ಬೇಕು. ಆ ಕೈ ಸಿಗದಿದ್ದಾಗ ‘ಸದ್ಯಕ್ಕೆ’ ಎಂದು ಡಬ್ಬಿ ಹಾಲು ಬರುತ್ತದೆ. ದುಡ್ಡಿದ್ದವರು ಹೋಗುವ ಕಡೆಯೇ ಈ ‘ಸದ್ಯಕ್ಕೆ’ ಜಾಸ್ತಿ. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಒಂದು ಚಮಚದಷ್ಟು. ಹಳದಿ ಬಣ್ಣದ ಆ ಮಂದ ಹಾಲು ಅಷ್ಟೇ ಬರುತ್ತದೆ, ಅಷ್ಟೇ ಸಾಕು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹಳ್ಳಿಯ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು ಎಂಬ ನಿಯಮವಿದೆ. ನಿಮಗೂ ಅದು ಸಲ್ಲುತ್ತದೆ. ಆದರೆ ಖಾಸಗಿಯಲ್ಲಿ ಹೆರಿಗೆಯಾದ ಎಷ್ಟೋ ಮನೆಯವರು ‘ಅದೆಲ್ಲ ನಮಗಲ್ಲ’ ಎಂದುಕೊಂಡು ಬಾಗಿಲಲ್ಲೇ ಕಳಿಸಿಬಿಡುತ್ತಾರೆ. ನಿಮ್ಮೂರಿನ ಆಶಾ ಯಾರು ಎಂದು ಕೇಳಿ, ಒಂದು ಸಲ ಒಳಗೆ ಕರೆದು ಕೂರಿಸಿ. ಹಾಲು ಕುಡಿಸುವಾಗ ಪಕ್ಕದಲ್ಲಿ ಕೂತು ನೋಡಲು ಅವರಿಗೆ ತರಬೇತಿ ಇರುತ್ತದೆ.

ಬಾಣಂತನದ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಇಂಥ ಪದ್ಧತಿ ನಮ್ಮಲ್ಲಿ ಉಳಿದಿರುವುದು ತಾಯಂದಿರ ಪುಣ್ಯ. ಮೂರು ತಿಂಗಳು ಬೇರೆಯವರು ಬೇಯಿಸಿ ಹಾಕುತ್ತಾರೆ, ಮಗುವಿಗೆ ಎಣ್ಣೆ ನೀರು ಹಾಕುತ್ತಾರೆ, ನೀವು ಮಲಗಬಹುದು. ಅಮೆರಿಕದಲ್ಲಿರುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಕೊಡುವುದು 12 ವಾರದ ಸಂಬಳವಿಲ್ಲದ ರಜೆ, ಅದೂ ಎಲ್ಲರಿಗೂ ಇಲ್ಲ. ಅದಕ್ಕೇ ಅಮ್ಮಂದಿರು ಮೆಣಸಿನ ಪುಡಿ, ಲೇಹ್ಯ, ಅಂಟಿನುಂಡೆ ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಆ ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ತುಪ್ಪ ಎಲ್ಲ ಧಾರಾಳವಾಗಿ ಉಣ್ಣಿ.

ನಾನು ಜಗಳ ಆಡುವುದು ನೀರಿಗೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತೆ, ಮಗುವಿಗೆ ಶೀತ ಆಗುತ್ತೆ ಎಂದು ದಿನಕ್ಕೆ ಎರಡು ಲೋಟ ಅಳೆದು ಕೊಡುವ ಮನೆಗಳು ಇನ್ನೂ ಇವೆ. ಹೊಲಿಗೆ ಹಾಕಿಸಿಕೊಂಡವಳಿಗೆ ಇದರಿಂದ ಮಲಬದ್ಧತೆ, ಮೂತ್ರದ ಉರಿ. ಬಾಯಾರಿದಷ್ಟು ಕುಡಿಯಿರಿ, ಬಿಸಿನೀರೇ ಆಗಲಿ. ಹಾಗೆಯೇ ಮಗುವಿಗೆ ಜೇನುತುಪ್ಪ ನೆಕ್ಕಿಸುವುದು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಬಜೆ, ಜಾಯಿಕಾಯಿ ತೇದು ಹಾಕುವುದು, ಗ್ರೈಪ್ ವಾಟರ್, ಬಿಸಿಲಿದೆ ಎಂದು ನೀರು, ಇವೂ ಆರು ತಿಂಗಳ ತನಕ ಬೇಡ. ಎದೆಹಾಲಿನಲ್ಲಿ ನೂರಕ್ಕೆ 88 ಭಾಗ ನೀರೇ ಇದೆ. ವೈದ್ಯರು ಬರೆದ ವಿಟಮಿನ್ ಡಿ ಹನಿ ಮಾತ್ರ ಬಿಡಬೇಡಿ.

ಹೆಣ್ಣು ಮಗು ಎಂದಿರಿ. ನಿಮ್ಮ ಮನೆಯಲ್ಲಿ ಯಾರೂ ಏನೂ ಅಂದಿಲ್ಲದೇ ಇರಬಹುದು, ಆದರೂ ಇದನ್ನು ಹೇಳದೆ ಬಿಡಲಾರೆ. ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಝೀಮ್ಕೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ನಮ್ಮ ದೇಶದ ಕುಟುಂಬ ಸಮೀಕ್ಷೆಗಳನ್ನು ಜಾಲಾಡಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಭಾರತದಲ್ಲಿ ಹೆಣ್ಣು ಮಕ್ಕಳಿಗೆ ಗಂಡು ಮಕ್ಕಳಿಗಿಂತ ಬೇಗ ಹಾಲು ಬಿಡಿಸುತ್ತಾರೆ. ಬೇಕೆಂದೇ ಮಾಡುವ ಕ್ರೌರ್ಯ ಎಂದು ಅವರು ಹೇಳುವುದಿಲ್ಲ. ಹಾಲು ಕುಡಿಸುತ್ತಿದ್ದರೆ ಮತ್ತೆ ಬಸುರಾಗುವುದು ತಡವಾಗುತ್ತದೆ. ಮುಂದಿನದು ಗಂಡಾಗಲಿ ಎಂಬ ಆಸೆ ಇರುವ ಮನೆಯಲ್ಲಿ ‘ಇನ್ನು ಸಾಕು, ಬಿಡಿಸು’ ಎಂಬ ಮಾತು ಬೇಗ ಬರುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಯಾರಾದರೂ ಬೇವಿನ ಎಣ್ಣೆ ಹಚ್ಚಿಕೋ ಎಂದರೆ, ಅದು ಯಾಕೆ ಎಂದು ಒಂದು ಸಲ ಕೇಳಿ. ಎರಡು ವರ್ಷ ಮತ್ತು ಅದಕ್ಕೂ ಮುಂದೆ ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂರ್ತಿ ಎರಡು ವರ್ಷದ ಮಾತು ಕುರಾನಿನಲ್ಲೂ ಇದೆ. ನಾನು ಕಂಡ ಕೆಲವು ಮುಸ್ಲಿಂ ಮನೆಗಳಲ್ಲಿ ಸೊಸೆಯ ಬೆನ್ನಿಗೆ ಇದನ್ನು ಹಿಡಿದು ನಿಲ್ಲುವವರು ಮನೆಯ ಹಿರಿಯರೇ. ಹಿರಿಯರ ಮಾತು ಎರಡೂ ಕಡೆ ಎಳೆಯಬಲ್ಲದು.

ನಿಮ್ಮ ಪತ್ರದಲ್ಲಿ ಅಮ್ಮ, ಅಜ್ಜಿ, ಅತ್ತೆ ಎಲ್ಲರೂ ಬಂದರು. ಯಜಮಾನರ ಸುದ್ದಿಯೇ ಇಲ್ಲ. ಇದು ನಮ್ಮ ಬಾಣಂತನದ ದೊಡ್ಡ ಕೊರತೆ. ಅಳಿಯ ಶನಿವಾರ ಬರುತ್ತಾರೆ, ಊಟ ಉಪಚಾರ ಮಾಡಿಸಿಕೊಂಡು ಭಾನುವಾರ ಸಂಜೆ ಬಸ್ಸು ಹತ್ತುತ್ತಾರೆ. ಮೂರು ತಿಂಗಳು ಕಳೆದು ಹೆಂಡತಿ ಮಗು ಬೆಂಗಳೂರಿಗೆ ಬಂದಾಗ ಅವರಿಗೆ ಮಗುವನ್ನು ಎತ್ತಿಕೊಳ್ಳಲೂ ಹೆದರಿಕೆ. ಅಮ್ಮನ ಆಸರೆ ತಪ್ಪಿದ ಅದೇ ವಾರದಿಂದ ಬಾಟಲಿ ಹೆಚ್ಚಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಈಗಲೇ ಶನಿವಾರ ರಾತ್ರಿ ಮಗುವನ್ನು ಅವರ ಹೆಗಲಿಗೆ ಹಾಕಿ. ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಸಂಜೆಯ ಅಳುವಿಗೆ ಎದೆಗೊರಗಿಸಿಕೊಂಡು ಅಂಗಳದಲ್ಲಿ ಓಡಾಡುವುದು, ಎಲ್ಲ ಅವರೇ ಮಾಡಲಿ. ಇನ್ನೊಂದು ಕೆಲಸ ಅವರಿಂದ ಮಾತ್ರ ಆಗುವಂಥದ್ದು. ‘ಅಮ್ಮಾ, ಮಗು ಒಂದು ಕೆಜಿ ಏರಿದೆ, ಹಾಲಿನ ವಿಷಯ ಇನ್ನು ಫೋನಲ್ಲಿ ಎತ್ತಬೇಡಿ’ ಎಂದು ಅವರ ತಾಯಿಗೆ ಅವರೇ ಹೇಳಬೇಕು. ಸೊಸೆ ಹೇಳಿದರೆ ಎದುರುತ್ತರ, ಮಗ ಹೇಳಿದರೆ ಮಾತು.

ಕೆಲಸದ ವಿಷಯ. ಹೆರಿಗೆ ಸೌಲಭ್ಯ ಕಾನೂನಿಗೆ ಆದ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುವಿಹಾರ ಇರಬೇಕು. ಮಗುವಿಗೆ 15 ತಿಂಗಳಾಗುವ ತನಕ, ಮಾಮೂಲಿ ಬಿಡುವಿನ ಜೊತೆಗೆ, ದಿನಕ್ಕೆ ಎರಡು ಸಲ ಹಾಲು ಕುಡಿಸಲು ಬಿಡುವು ಕೊಡಬೇಕು. ಇದನ್ನು ಈಗಲೇ ಆಫೀಸಿಗೆ ಇಮೇಲ್ ಮಾಡಿ ಕೇಳಿ. ಹಾಲು ತೆಗೆಯಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕು, ಶೌಚಾಲಯ ಅಲ್ಲ. ತೆಗೆದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ನಿಮಗೆ ಕೇಳುವ ಶಕ್ತಿ ಇದೆ. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಲೈನಿನ ಮುಂದೆ ಕೂರುವ ಹುಡುಗಿಯರಿಗೂ ಇದೇ ಹಕ್ಕಿದೆ. ಆದರೆ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಇರುವಾಗ ಎದ್ದು ಹೋಗುವುದು ಹೇಗೆ? ಮಧ್ಯಾಹ್ನ ಎದೆ ಬಿಗಿದು ಸೋರಿ, ಬ್ಲೌಸ್ ಒದ್ದೆಯಾಗಿ, ಬಾತ್‌ರೂಮಿನಲ್ಲಿ ಹಾಲು ಹಿಂಡಿ ಚೆಲ್ಲುವ ತಾಯಂದಿರು ನನ್ನ ಹತ್ತಿರ ಬಂದಿದ್ದಾರೆ. ಮಗು ಊರಲ್ಲಿ ಅಜ್ಜಿಯ ಹತ್ತಿರ, ಡಬ್ಬಿ ಹಾಲಿನ ಮೇಲೆ. ಮನೆಗೆಲಸದವರಿಗೆ, ಕೂಲಿಯವರಿಗೆ ಆ ರಜೆಯೂ ಇಲ್ಲ. ಅವರನ್ನು ‘ಯಾಕೆ ಎದೆಹಾಲು ಬಿಡಿಸಿದೆ’ ಎಂದು ಗದರುವ ವೈದ್ಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಈಗ ಆ ಎರಡು ಬಾಟಲಿ. ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ಮಗು ಎದೆ ಹಿಡಿಯುವುದನ್ನು ಸರಿ ಮಾಡಿ. ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿರಬೇಕು, ಮಗುವಿನ ಗದ್ದ ನಿಮ್ಮ ಎದೆಗೆ ತಾಗಿರಬೇಕು. ನಿಮಗೆ ನೋವಾಗಬಾರದು, ಮಗು ಗುಟುಕರಿಸುವ ಸದ್ದು ಕೇಳಬೇಕು. ಹಗಲು ರಾತ್ರಿ ಸೇರಿ ಹತ್ತು ಹನ್ನೆರಡು ಸಲ ಕುಡಿಸಿ. ರಾತ್ರಿ ‘ಬಾಣಂತಿ ಮಲಗಲಿ’ ಎಂದು ಅಮ್ಮ ಬಾಟಲಿ ಹಿಡಿಯುವುದು ಪ್ರೀತಿಯಿಂದಲೇ, ಆದರೆ ಹಾಲು ತಯಾರಿಸುವ ಹಾರ್ಮೋನು ಜಾಸ್ತಿ ಇರುವುದು ರಾತ್ರಿ ಹೊತ್ತಿನಲ್ಲೇ. ಡಬ್ಬಿ ಹಾಲನ್ನು ಎರಡು ಮೂರು ದಿನಕ್ಕೊಮ್ಮೆ ಒಂದು ಹೊತ್ತಿನಲ್ಲಿ 15 ಮಿಲಿ ಇಳಿಸುತ್ತ ಬನ್ನಿ. ಬಾಟಲಿ ಬೇಡ, ಅಜ್ಜಿಯ ಹತ್ತಿರ ಒಳಲೆ ಇರುತ್ತದೆ, ಕುದಿಸಿ ಅದರಲ್ಲೇ ಕೊಡಿ.

ಅಮ್ಮನಿಗೆ ಒಂದು ಲೆಕ್ಕ ಒಪ್ಪಿಸಿ. ದಿನಕ್ಕೆ ಮಗು ಎಷ್ಟು ಬಟ್ಟೆ ಒದ್ದೆ ಮಾಡಿತು ಎಂದು ಕ್ಯಾಲೆಂಡರಿನ ಮೇಲೆ ಗೀಟು ಹಾಕಲಿ. ಆರು ಅಥವಾ ಹೆಚ್ಚು, ಮೂತ್ರ ತಿಳಿಯಾಗಿದ್ದರೆ ಹಾಲು ಸಾಲುತ್ತಿದೆ. ನನ್ನ ಹತ್ತಿರ ಬರುವವರಿಗೆ, ಬಾಣಂತಿಯ ಜೊತೆ ತೊಟ್ಟಿಲ ಹತ್ತಿರ ಯಾರ ಮಾತು ನಡೆಯುತ್ತದೋ ಅವರನ್ನೂ ಕರೆತನ್ನಿ ಎನ್ನುತ್ತೇನೆ. ಈ ಗೀಟುಗಳನ್ನು ನೋಡಿ ಮನಸ್ಸು ಬದಲಿಸಿದ ಅಜ್ಜಿಯರು ಬಹಳ ಮಂದಿ.

ಇಷ್ಟೆಲ್ಲ ಮಾಡಿಯೂ ಡಬ್ಬಿ ಹಾಲು ಸ್ವಲ್ಪ ಬೇಕಾಯಿತು ಅಂದರೆ ಕೊಡಿ, ಅಳತೆ ತಪ್ಪದ ಹಾಗೆ ಕಲಸಿ. ಅರ್ಧ ನಿಮ್ಮ ಹಾಲು ಸಿಕ್ಕರೂ ಮಗುವಿಗೆ ಅದು ಅರ್ಧದಷ್ಟು ಲಾಭವೇ. ನಿಮಗೇ ಎರಡು ವಾರದಿಂದ ಅಳು, ಯಾವುದೂ ಬೇಡ ಎಂಬ ಭಾವ ಇದ್ದರೆ ಅದನ್ನು ಬಾಣಂತನದ ಸುಸ್ತು ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೊಂದು ಸಲ, ಒಂದೇ ದಿನ, ಒಂದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು ತೂಕ ಮಾಡಿಸಿ. ವಾರಕ್ಕೆ 150 ಗ್ರಾಂ ಏರುತ್ತಿದ್ದರೆ ಡಬ್ಬಿ ಇಳಿಸುತ್ತ ಹೋಗಿ. ಅದಕ್ಕಿಂತ ಕಡಿಮೆಯಾದರೆ ಇಳಿಸುವುದನ್ನು ನಿಲ್ಲಿಸಿ, ನಿಮ್ಮ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು ಮಕ್ಕಳ ವೈದ್ಯರನ್ನು ಕಾಣಿ. ಮಗು ಮಂಕಾಗಿ ಕುಡಿಯುವುದನ್ನೇ ಬಿಟ್ಟರೆ, ಜ್ವರ ಬಂದರೆ, ಮೂತ್ರ ತೀರಾ ಕಡಿಮೆಯಾದರೆ ವಾರದ ತೂಕಕ್ಕೆ ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.